ಲಂಡನ್ನಿನ ಮಳೆನೀರು ಮತ್ತು ಇದ್ದಿಲಿನ ಕಥೆ

ಡಾಕ್ಟರ ಲೇಖನವೆಂದರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಕೊಲೆಸ್ಟರಾಲ್ ಎಂದು ನಮ್ಮ ವಾಚಕರು ಪುಟ ತಿರುಗಿಸುವ ಮೊದಲೇ ಊಹಿಸಿಬಿಡುತ್ತಾರೆ. ಈ ಸಲ ಅವು ಯಾವುವೂ ಇಲ್ಲ. ಬರೆಯಹೊರಟಿರುವುದು ಇದ್ದಿಲಿನ ಬಗ್ಗೆ. ನಾವು ಚಿಕ್ಕವರಿದ್ದಾಗ ಇಸ್ತ್ರಿ ಪೆಟ್ಟಿಗೆಯೊಳಗೆ ಕೆಂಪಗೆ ಉರಿಯುತ್ತಿದ್ದ, ಅಜ್ಜಿಯಂದಿರು ಉಪ್ಪು ಬೆರೆಸಿ ಹಲ್ಲುಪುಡಿ ಮಾಡುತ್ತಿದ್ದ ಅದೇ ಇದ್ದಿಲು.

ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ರಸ್ತೆ ಮೇಲೆ ಹರಿಯೋ ಮಳೆನೀರನ್ನ ಇದ್ದಿಲಲ್ಲಿ ಸೋಸಿ ಹೊಳೆಗೆ ಬಿಟ್ರೆ ವಿಷವೆಲ್ಲ ಹೋಗತ್ತಂತೆ, ಹೌದಾ?" ಅಷ್ಟರಲ್ಲಿ ಹೋಳಿಗೆ ಬಂತು, ಉತ್ತರ ಅರ್ಧಕ್ಕೇ ನಿಂತಿತು. ಪೂರ್ತಿ ಉತ್ತರ ಕೊಡಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಇದ್ದಿಲು ಕೊಳೆಯನ್ನು ಹಿಡಿಯುತ್ತದೆ, ನಿಜ. ಆದರೆ ಹಿಡಿದ ಕೊಳೆ ಮಾಯವಾಗುವುದಿಲ್ಲ, ಇದ್ದಿಲಿನಲ್ಲೇ ಕೂತಿರುತ್ತದೆ. ಒಂದು ದಿನ ಇದ್ದಿಲು ತುಂಬುತ್ತದೆ. ಆಗ ಅದನ್ನು ಬದಲಿಸುವವರು ಯಾರು? ಲಂಡನ್ ನಗರ ಈ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಹಲವು ಸಲ ಎದುರಿಸಿದೆ.

ಮೊದಲು ಚರಂಡಿಯ ವಿಚಾರ. ಲಂಡನ್ನಿನ ಹಳೆಯ ಚರಂಡಿಗಳು ಮಳೆನೀರಿಗಾಗಿಯೇ ಇದ್ದವು. ಫ್ಲೀಟ್, ಟೈಬರ್ನ್, ವಾಲ್‌ಬ್ರೂಕ್ ಮುಂತಾದ ಸಣ್ಣ ಹೊಳೆಗಳನ್ನೇ ಕಾಲಕ್ರಮದಲ್ಲಿ ಕಲ್ಲು, ಇಟ್ಟಿಗೆಗಳಿಂದ ಮುಚ್ಚಿ ಮೋರಿ ಮಾಡಿದ್ದರು. ಮನೆಯ ಹೊಲಸು ಹೋಗುತ್ತಿದ್ದದ್ದು ಮನೆಯ ಕೆಳಗಿನ ಗುಂಡಿಗೆ. ಅದನ್ನು ರಾತ್ರಿ ಹೊತ್ತು ಆಳುಗಳು ಬಂದು ತೋಡಿ, ಗಾಡಿಯಲ್ಲಿ ಹೊಲಗಳಿಗೆ ಗೊಬ್ಬರವಾಗಿ ಒಯ್ಯುತ್ತಿದ್ದರು. ಮನೆಯ ಕೊಳಚೆಯನ್ನು ಮಳೆಚರಂಡಿಗೆ ಬಿಡುವುದು 1815ರವರೆಗೆ ನಿಷಿದ್ಧವಾಗಿತ್ತು. ಆ ವರ್ಷ ಅನುಮತಿ ಸಿಕ್ಕಿತು. ಅಲ್ಲಿಂದ ಮುಂದೆ ಫ್ಲಷ್ ಕಕ್ಕಸುಗಳು ಹೆಚ್ಚಾದಂತೆ, 1848ರ ಸುಮಾರಿಗೆ, ಎಲ್ಲರೂ ಗುಂಡಿ ಮುಚ್ಚಿ ಚರಂಡಿಗೆ ಸೇರಿಸಬೇಕೆಂದು ಕಡ್ಡಾಯವೇ ಆಯಿತು. ಹೀಗೆ ಮಳೆನೀರಿನ ಕಾಲುವೆ ಮೂವತ್ತು ವರ್ಷಗಳಲ್ಲಿ ಮಲದ ಕಾಲುವೆಯಾಯಿತು. ಎರಡೂ ಸೇರಿ ಥೇಮ್ಸ್ ನದಿಗೆ ಬಿದ್ದವು. ಅದೇ ನದಿಯ ನೀರನ್ನು ಜನ ಕುಡಿದರು.

ಬೆಂಗಳೂರಿನ ರಾಜಕಾಲುವೆಗಳ ಕಥೆ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ಕೆರೆ ಕೋಡಿ ಹರಿದರೆ ಮುಂದಿನ ಕೆರೆಗೆ ನೀರು ಮುಟ್ಟಿಸಲೆಂದು ಇದ್ದ ಕಾಲುವೆಗಳವು. ಅವುಗಳಲ್ಲಿ ಕೊಳಚೆ ಹರಿದು ಬೆಳ್ಳಂದೂರು ಕೆರೆಯಲ್ಲಿ ನೊರೆಯೆದ್ದು, 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡ ಚಿತ್ರಗಳನ್ನು ಇಲ್ಲಿನ ಟಿ.ವಿ.ಯಲ್ಲೂ ತೋರಿಸಿದರು. ಇಲ್ಲಿನವರು ಆಗ ಮುಖ ಸಿಂಡರಿಸಿದ್ದನ್ನು ನೋಡಿ ನನಗೆ ಹೇಳಬೇಕೆನಿಸಿತ್ತು: ಸ್ವಾಮಿ, ಈ ಪಾಠ ಮೊದಲು ಬರೆದವರು ನೀವೇ.

ಲಂಡನ್ನಿಗೆ ಕಾಲರಾ ಮೊದಲು ಬಂದದ್ದು 1832ರಲ್ಲಿ. 1848–49ರ ಎರಡನೆಯ ಸುತ್ತಿನಲ್ಲಿ ನಗರದಲ್ಲಿ ಸುಮಾರು 14,000 ಜನ ಸತ್ತರು. 1853–54ರಲ್ಲಿ ಮತ್ತೆ ಹತ್ತು ಸಾವಿರಕ್ಕೂ ಮೇಲೆ. ಡಾ. ಜಾನ್ ಸ್ನೋ ಸೋಹೋದ ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿಯನ್ನು 1854ರ ಸೆಪ್ಟೆಂಬರ್ 8ರಂದು ತೆಗೆಸಿದ ಕಥೆ ಎಂ.ಬಿ.ಬಿ.ಎಸ್. ಮಾಡಿದ ಎಲ್ಲರಿಗೂ ಕಂಠಪಾಠ. ಅದನ್ನು ಬಿಡುತ್ತೇನೆ. ಆ ಕಾಲದ ಬಹುಪಾಲು ವೈದ್ಯರು ಸ್ನೋ ಮಾತನ್ನು ನಂಬಲಿಲ್ಲ ಎಂಬುದು ಇಲ್ಲಿ ಮುಖ್ಯ. ಅವರ ಪ್ರಕಾರ ರೋಗ ಬರುತ್ತಿದ್ದದ್ದು ನಾತದಿಂದ. ಕೊಳೆತ ವಸ್ತುವಿನಿಂದೇಳುವ ಕೆಟ್ಟ ಗಾಳಿಯೇ ಕಾಲರಾ, ಅದೇ ವಿಷಮಜ್ವರ. ನಾತ ಹೋದರೆ ರೋಗ ಹೋಯಿತು ಎಂಬ ನಂಬಿಕೆ. ಇದ್ದಿಲು ಈ ಕಥೆಯೊಳಕ್ಕೆ ಕಾಲಿಟ್ಟದ್ದು ಈ ಬಾಗಿಲಿನಿಂದ.

ಇದ್ದಿಲಿಗೆ ಬಣ್ಣ, ವಾಸನೆಗಳನ್ನು ಎಳೆದುಕೊಳ್ಳುವ ಗುಣವಿದೆಯೆಂದು ಸೇಂಟ್ ಪೀಟರ್ಸ್‌ಬರ್ಗಿನ ಔಷಧಿಕಾರ ಲೋವಿಟ್ಸ್ 1785ರಲ್ಲಿ ತೋರಿಸಿಕೊಟ್ಟಿದ್ದ. ಮುಂದೆ ಸಕ್ಕರೆ ಮಾಡುವವರು ಮೂಳೆ ಸುಟ್ಟ ಇದ್ದಿಲನ್ನು ಹಿಡಿದುಕೊಂಡರು. ಕಂದು ಸಕ್ಕರೆಯ ಪಾಕವನ್ನು ಅದರಲ್ಲಿ ಇಳಿಸಿದರೆ ಪಾಕ ತಿಳಿಯಾಗುತ್ತಿತ್ತು. ವೈಟ್‌ಚಾಪೆಲ್ ಸುತ್ತಮುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಇದು ನಿತ್ಯದ ಕೆಲಸ. ಅವರು ಒಂದು ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು: ಕೆಲವು ಸಲ ಪಾಕ ಇಳಿಸಿದ ಮೇಲೆ ಇದ್ದಿಲು ಕೆಲಸ ಮಾಡುವುದಿಲ್ಲ. ಆಗ ಅದನ್ನು ತೊಳೆದು ಮತ್ತೆ ಕುಲುಮೆಯಲ್ಲಿ ಸುಡಬೇಕು. ವ್ಯಾಪಾರಿಗಳಿಗೆ ಗೊತ್ತಿದ್ದ ಈ ಸಂಗತಿ ಮುಂದೆ ಮನೆವಾರ್ತೆಯವರಿಗೆ ಮರೆತೇ ಹೋಯಿತು.

ಗ್ಲಾಸ್ಗೋದಲ್ಲಿ 1809ರಲ್ಲಿ ಹುಟ್ಟಿದ ಜಾನ್ ಸ್ಟೆನ್‌ಹೌಸ್ ಎಂಬ ರಸಾಯನಶಾಸ್ತ್ರಜ್ಞ 1851ರಿಂದ ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಉಪನ್ಯಾಸಕನಾಗಿದ್ದ. ಸತ್ತ ಪ್ರಾಣಿಗಳನ್ನು ಇದ್ದಿಲ ಪುಡಿಯಲ್ಲಿ ಹೂತು ಪ್ರಯೋಗಶಾಲೆಯಲ್ಲೇ ತಿಂಗಳುಗಟ್ಟಲೆ ಇಟ್ಟರೂ ನಾತ ಬಾರದೆ ಇರುವುದನ್ನು ಆತ ವಿವರಿಸಿದ. ಎಲ್ಲರೂ ಇದ್ದಿಲು ಕೊಳೆಯುವುದನ್ನು ತಡೆಯುತ್ತದೆ ಎಂದುಕೊಂಡಿದ್ದರು. ಸ್ಟೆನ್‌ಹೌಸ್ ತದ್ವಿರುದ್ಧ ಹೇಳಿದ: ಕೊಳೆಯುವುದು ನಿಲ್ಲುವುದಿಲ್ಲ, ಬೇಗನೆ ಆಗುತ್ತದೆ; ಹೊರಬರುವ ಅನಿಲವನ್ನು ಇದ್ದಿಲು ತನ್ನ ರಂಧ್ರಗಳಲ್ಲಿ ಹಿಡಿದು, ಅಲ್ಲಿರುವ ಗಾಳಿಯ ಆಮ್ಲಜನಕದೊಡನೆ ಬೆರೆಸುತ್ತದೆ. ಈ ಗುಣವನ್ನು ಬಳಸಿ 1854ರಲ್ಲಿ ಆತ ಇದ್ದಿಲು ತುಂಬಿದ ಮುಖವಾಡವನ್ನೂ, ಕೋಣೆಗೆ ಬರುವ ಗಾಳಿಯನ್ನು ಸೋಸುವ ಜಾಲರಿಯನ್ನೂ ಮಾಡಿದ. ಲಂಡನ್ ಮೇಯರರ ಮ್ಯಾನ್ಷನ್ ಹೌಸಿನ ನ್ಯಾಯಸ್ಥಾನದ ಕಿಟಕಿಗೆ ಅಂಥದೊಂದು ಜಾಲರಿಯನ್ನು ಕೂಡಿಸಿದರು. ಮುಖವಾಡವನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು ಅದರ ಮೇಲೆ ಹಕ್ಕು ಕಟ್ಟಿಕೊಳ್ಳಲಿಲ್ಲ. ಕೋವಿಡ್ ಕಾಲದಲ್ಲಿ ವಾರ್ಡಿನಲ್ಲಿ ಮುಖವಾಡಕ್ಕಾಗಿ ಪರದಾಡಿದ ನಮ್ಮಂಥವರಿಗೆ ಈ ಮನುಷ್ಯನ ಮೇಲೆ ಗೌರವ ಉಂಟಾಗುತ್ತದೆ. 1857ರಲ್ಲಿ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯ ಕೆಲಸ ಬಿಡಬೇಕಾಯಿತು.

ಮರುವರ್ಷ, 1858ರ ಬೇಸಿಗೆಯಲ್ಲಿ, ಥೇಮ್ಸ್ ನಾತ ಹೊಡೆಯತೊಡಗಿತು. ಚರಿತ್ರೆಯಲ್ಲಿ ಅದಕ್ಕೆ 'ಮಹಾದುರ್ಗಂಧ' ಎಂದೇ ಹೆಸರು. ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರಿಗೆ ಕೂರಲಾಗಲಿಲ್ಲ. ಬಡವರ ಕೇರಿಯಲ್ಲಿ ಸಾವಿರಾರು ಜನ ಸತ್ತಾಗ ಹೊರಡದ ಹಣ ಮಾನ್ಯ ಸದಸ್ಯರ ಮೂಗಿಗೆ ಬಡಿದಾಗ ಕೆಲವೇ ವಾರಗಳಲ್ಲಿ ಹೊರಟಿತು. ಜೋಸೆಫ್ ಬ್ಯಾಜಲ್ಜೆಟ್ ಎಂಬ ಎಂಜಿನಿಯರ್ ನದಿಯ ಎರಡೂ ದಡಗಳಿಗೆ ಸಮಾನಾಂತರವಾಗಿ 82 ಮೈಲಿ ಉದ್ದದ ದೊಡ್ಡ ಚರಂಡಿಗಳನ್ನು ಕಟ್ಟಿ, ಕೊಳಚೆಯನ್ನು ಪೂರ್ವಕ್ಕೆ ಬೆಕ್ಟನ್ ಮತ್ತು ಕ್ರಾಸ್‌ನೆಸ್ ತನಕ ಒಯ್ದ. ನಾವು ಇಂದು ಫ್ಲಷ್ ಎಳೆದಾಗಲೂ ಒಳಲಂಡನ್ನಿನಲ್ಲಿ ಕೆಲಸ ಮಾಡುತ್ತಿರುವುದು ಅವನ ಇಟ್ಟಿಗೆಗಳೇ.

ಆದರೆ ಅವನು ಮಳೆಯನ್ನು ಮನೆಯ ಕೊಳಚೆಯಿಂದ ಬೇರೆ ಮಾಡಲಿಲ್ಲ. ಎರಡಕ್ಕೂ ಒಂದೇ ಕೊಳವೆ. ದಿನಕ್ಕೆ ಕಾಲು ಅಂಗುಲ ಮಳೆಯನ್ನು ತಡೆದುಕೊಳ್ಳುವಷ್ಟು ಜಾಗವನ್ನು ಲೆಕ್ಕಹಾಕಿ ಬಿಟ್ಟಿದ್ದ. ಅದಕ್ಕಿಂತ ಹೆಚ್ಚು ಬಂದರೆ ಮನೆಗಳೊಳಕ್ಕೆ ನುಗ್ಗದಿರಲೆಂದು, ಹೆಚ್ಚಾದದ್ದು ಹಳೆಯ ದಾರಿಯಿಂದಲೇ ಥೇಮ್ಸಿಗೆ ಬೀಳುವಂತೆ ಬಾಯಿಗಳನ್ನು ಇಟ್ಟ. ಆಗಿನ ಜನಸಂಖ್ಯೆಗೆ, ಆಗಿನ ತೆರೆದ ಮಣ್ಣಿಗೆ ಅದು ಸರಿಯಾದ ಲೆಕ್ಕ. ಮುಂದೆ ತೋಟಗಳ ಮೇಲೆ ಟಾರು, ಸಿಮೆಂಟು ಬಂತು. ನೆಲ ಕುಡಿಯುತ್ತಿದ್ದ ನೀರೆಲ್ಲ ಕೊಳವೆಗೆ ಓಡತೊಡಗಿತು.

ಮುಚ್ಚಿದ ಚರಂಡಿಯಲ್ಲಿ ಅನಿಲ ತುಂಬಿಕೊಳ್ಳುತ್ತದೆ. ಅದನ್ನು ಬೀದಿಗೆ ಬಿಟ್ಟರೆ ಜನರ ದೂರು, ಬಿಡದಿದ್ದರೆ ಒಳಗಿಳಿಯುವ ಕೆಲಸಗಾರನ ಪ್ರಾಣಕ್ಕೆ ಅಪಾಯ. 1860ರ ಸುಮಾರಿಗೆ ಲಂಡನ್ ಸಿಟಿಯ ಎಂಜಿನಿಯರ್ ವಿಲಿಯಂ ಹೇವುಡ್ ಮತ್ತು ಆರೋಗ್ಯಾಧಿಕಾರಿ ಡಾ. ಹೆನ್ರಿ ಲೆಥೆಬಿ ಚರಂಡಿಯ ಗಾಳಿಕಿಂಡಿಗಳಲ್ಲಿ ಇದ್ದಿಲು ತುಂಬಿದ ತಟ್ಟೆಗಳನ್ನಿಟ್ಟು ಪರೀಕ್ಷಿಸಿದರು. ಸ್ಟೆನ್‌ಹೌಸನ ಉಪಾಯವೇ. ಇದ್ದಿಲು ಒಣಗಿದ್ದಾಗ ನಾತ ಹೋಗುತ್ತಿತ್ತು. ಆದರೆ ಕಿಂಡಿಯಿಂದ ಮಳೆ ಬಿದ್ದು, ಧೂಳು ಕೂತು ಇದ್ದಿಲು ಒದ್ದೆಯಾದರೆ ಗಾಳಿಯೇ ಆಡುತ್ತಿರಲಿಲ್ಲ. ಕ್ರಾಯ್ಡನ್ನಿನ ಎಂಜಿನಿಯರ್ ಬಾಲ್ಡ್‌ವಿನ್ ಲೇಥಮ್ ಇನ್ನೊಂದು ಬಗೆ ಹುಡುಕಿದ: ಇದ್ದಿಲನ್ನು ಸುರುಳಿಯಾಕಾರದ ತಟ್ಟೆಯಲ್ಲಿಟ್ಟು, ಮಳೆ ನೇರವಾಗಿ ಬೀಳದಂತೆ ಮಾಡಿದ. ಇದೇ ಲೇಥಮ್ ಮುಂದೆ ಮುಂಬಯಿಯ ನೈರ್ಮಲ್ಯದ ಬಗ್ಗೆ 1890ರಲ್ಲಿ ವರದಿ ಬರೆದ. ತಟ್ಟೆ ಎಷ್ಟೇ ಜಾಣತನದ್ದಾದರೂ ಬೀದಿ ಬೀದಿಯಲ್ಲಿ ಬಗ್ಗಿ, ಮುಚ್ಚಳ ತೆಗೆದು, ಇದ್ದಿಲು ಬದಲಿಸಲು ಆಳು ಬೇಕು. ಕೊನೆಗೆ ಎತ್ತರದ ಕಬ್ಬಿಣದ ಕೊಳವೆ ನೆಟ್ಟು ನಾತವನ್ನು ಜನರ ತಲೆಯ ಮೇಲಕ್ಕೆ ಬಿಡುವುದೇ ಅಗ್ಗವೆಂದು ತೋರಿತು.

ಇತ್ತ ಮನೆಯೊಳಗೆ ಇದ್ದಿಲಿಗೆ ಸುವರ್ಣಯುಗ. 1852ರ ಕಾಯಿದೆ ಟೆಡಿಂಗ್ಟನ್ನಿನಿಂದ ಕೆಳಗೆ ಥೇಮ್ಸ್ ನೀರೆತ್ತುವುದನ್ನು ನಿಲ್ಲಿಸಿ, ಮನೆಗೆ ಕೊಡುವ ನೀರನ್ನು ಸೋಸಲೇಬೇಕೆಂದಿತ್ತು. ಮರಳಿನ ಸೋಸುಹಾಸನ್ನು ಜೇಮ್ಸ್ ಸಿಂಪ್ಸನ್ 1829ರಷ್ಟು ಹಿಂದೆಯೇ ಚೆಲ್ಸಿಯಲ್ಲಿ ಮಾಡಿ ತೋರಿಸಿದ್ದ. ಆದರೂ ಜನರಿಗೆ ಕಂಪನಿಗಳ ಮೇಲೆ ನಂಬಿಕೆಯಿಲ್ಲ. ಉಳ್ಳವರ ಮನೆಯ ಅಡಿಗೆಕೋಣೆಗೊಂದು ಪಿಂಗಾಣಿಯ ಸೋಸುಜಾಡಿ ಬಂತು. ಬ್ಯಾಟರ್ಸಿಯ ಸಿಲಿಕೇಟೆಡ್ ಕಾರ್ಬನ್ ಫಿಲ್ಟರ್ ಕಂಪನಿ, ಲ್ಯಾಂಬೆತ್ತಿನ ಡೌಲ್ಟನ್ ಮುಂತಾದವರ ಮಾಲು ಚೆನ್ನಾಗಿ ಓಡಿತು. ಕೆಂಚು ನೀರು ಮೇಲೆ ಹಾಕಿದರೆ ಕೆಳಗೆ ಸ್ಫಟಿಕದಂಥ ನೀರು. ರುಚಿ ಚೆನ್ನ, ವಾಸನೆಯಿಲ್ಲ. ನಾತವೇ ರೋಗವೆಂದು ನಂಬಿದವರಿಗೆ ಇನ್ನೇನು ಬೇಕು?

ಮೊದಲ ಅಪಸ್ವರ ಎಡ್ವರ್ಡ್ ಫ್ರಾಂಕ್ಲಂಡನದು. ಈತ ಲಂಡನ್ನಿನ ನೀರನ್ನು ವರ್ಷಗಟ್ಟಲೆ ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ. ಈತ ಸದಸ್ಯನಾಗಿದ್ದ ನದಿ ಮಾಲಿನ್ಯ ಆಯೋಗ 1874ರ ವರದಿಯಲ್ಲಿ, ಮೂಳೆಯ ಇದ್ದಿಲು ಹೊಸದರಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡಿದರೂ ಬೇಗ ಬದಲಿಸದಿದ್ದರೆ ಅದರಲ್ಲಿ ಸಣ್ಣ ಸಣ್ಣ ಹುಳುಗಳು ಬೆಳೆದು ಸೋಸಿದ ನೀರಿನ ಜೊತೆ ಬರುತ್ತವೆಂದು ಎಚ್ಚರಿಸಿತು. ಅವನ ಮಗ ಪರ್ಸಿ ಫ್ರಾಂಕ್ಲಂಡ್ 1885ರಲ್ಲಿ, ಕಾಕ್ ತೋರಿಸಿಕೊಟ್ಟ ಹೊಸ ವಿಧಾನದಿಂದ ನೀರಿನ ಬ್ಯಾಕ್ಟೀರಿಯಾಗಳನ್ನು ಎಣಿಸಿ, ಹೊಸ ಇದ್ದಿಲು ತಡೆಯುವ ಜೀವಾಣುಗಳನ್ನು ತಿಂಗಳು ಹಳೆಯದಾದ ಇದ್ದಿಲು ತಡೆಯಲಾರದೆಂದು ಪ್ರಕಟಿಸಿದ. 1894ರಲ್ಲಿ ಸಿಮ್ಸ್ ವುಡ್‌ಹೆಡ್ ಮತ್ತು ಕಾರ್ಟ್‌ರೈಟ್ ವುಡ್ ಎಂಬ ವೈದ್ಯರಿಬ್ಬರು ಪೇಟೆಯಲ್ಲಿ ಸಿಗುವ ಸೋಸುಜಾಡಿಗಳನ್ನು ಪರೀಕ್ಷಿಸಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬರೆದರು. ಇದ್ದಿಲಿನವು ಹೆಚ್ಚುಕಡಿಮೆ ಎಲ್ಲವೂ ರೋಗಾಣುವನ್ನು ಒಳಬಿಟ್ಟವು. ಸೂಕ್ಷ್ಮರಂಧ್ರದ ಪಿಂಗಾಣಿ ಕಡ್ಡಿಯ ಪಾಶ್ಚರ್–ಶಾಂಬರ್ಲೆಂಡ್ ತರಹದ ಕೆಲವೇ ನಿಂತವು.

ಯಾಕೆ ಹೀಗೆ? ಇದ್ದಿಲಿನ ರಂಧ್ರಗಳು ಬ್ಯಾಕ್ಟೀರಿಯಾಕ್ಕಿಂತ ಬಹಳ ಸಣ್ಣವು; ಅವು ಹಿಡಿಯುವುದು ಅಣುಗಳನ್ನು. ಬ್ಯಾಕ್ಟೀರಿಯಾ ಒಳಗೆ ಹೋಗುವುದಿಲ್ಲ. ಚೂರುಗಳ ನಡುವಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಸಾಲದ್ದಕ್ಕೆ ಇದ್ದಿಲಿಗೆ ಅಂಟಿದ ಜೈವಿಕ ಕೊಳೆ ಅದಕ್ಕೆ ಊಟ. ಸೋಸುಜಾಡಿ ಧರ್ಮಛತ್ರವಾಯಿತು. ಕಣ್ಣು, ಮೂಗು, ನಾಲಗೆ ಮೂರೂ 'ಚೆನ್ನಾಗಿದೆ' ಎಂದ ನೀರಿನಲ್ಲಿ ವಿಷಮಜ್ವರ ಇರಬಹುದಿತ್ತು. ನನ್ನ ಅಭಿಪ್ರಾಯದಲ್ಲಿ ವಿಕ್ಟೋರಿಯನ್ ಮನೆವಾರ್ತೆಯವರು ಮೋಸಹೋದದ್ದು ಇದ್ದಿಲಿನಿಂದಲ್ಲ. ಒಮ್ಮೆ ಕೊಂಡರೆ ಕೆಲಸ ಮುಗಿಯಿತು ಎಂಬ ಭಾವನೆಯಿಂದ. ಮುಂದೆ ಅಲೆಗ್ಸಾಂಡರ್ ಹೌಸ್ಟನ್ 1916ರಲ್ಲಿ ಥೇಮ್ಸ್ ನೀರಿಗೆ ಕ್ಲೋರಿನ್ ಬೆರೆಸತೊಡಗಿದ ಮೇಲೆ ರೋಗಾಣುವಿನ ಕೆಲಸ ಇದ್ದಿಲಿನ ಹೆಗಲಿನಿಂದ ಇಳಿಯಿತು.

ಇದ್ದಿಲು 'ಸಕ್ರಿಯ'ವಾದದ್ದು 20ನೆಯ ಶತಮಾನದ ಆರಂಭದಲ್ಲಿ. ಓಸ್ಟ್ರೆಜ್ಕೋ ಎಂಬಾತ 1900ರ ಸುಮಾರಿಗೆ ಇದ್ದಿಲನ್ನು ಕೆಂಪಗೆ ಕಾಯಿಸಿ ಹಬೆ ಹಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಬೆ ಒಳಗೊಳಗೇ ಇಂಗಾಲವನ್ನು ಕೊರೆದು ಲೆಕ್ಕವಿಲ್ಲದಷ್ಟು ರಂಧ್ರ ಮಾಡುತ್ತದೆ. ಆ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಇದ್ದಿಲಿನ ಮೈ ಸುಮಾರು 1000 ಚದರ ಮೀಟರ್, ಅಂದರೆ ಹತ್ತಿರಹತ್ತಿರ ನಾಲ್ಕು ಟೆನಿಸ್ ಅಂಗಳ. ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟು ಪುಡಿಗೆ ವಿಂಬಲ್ಡನ್ನೇ ಸಾಲದು! 1915ರಲ್ಲಿ ಜರ್ಮನರು ಈಪ್ರದಲ್ಲಿ ಕ್ಲೋರಿನ್ ಅನಿಲ ಬಿಟ್ಟ ಮೇಲೆ ಸ್ಟೆನ್‌ಹೌಸನ ಮುಖವಾಡ ಹೊಸ ರೂಪದಲ್ಲಿ ಮರಳಿ ಬಂತು. ಅದಕ್ಕೆ ಅತ್ಯುತ್ತಮವೆಂದು ಕಂಡದ್ದು ತೆಂಗಿನ ಕರಟದ ಇದ್ದಿಲು; ಗಟ್ಟಿ, ರಂಧ್ರ ಸಣ್ಣ. ನಮ್ಮೂರಿನಲ್ಲಿ ಬಚ್ಚಲ ಒಲೆಗೆ ಹಾಕಿ ಹಂಡೆ ನೀರು ಕಾಯಿಸುತ್ತಿದ್ದ ಅದೇ ಕರಟ. ಇಂದಿಗೂ ದಕ್ಷಿಣ ಭಾರತದಿಂದ, ಶ್ರೀಲಂಕಾದಿಂದ ಕರಟದ ಸಕ್ರಿಯ ಇದ್ದಿಲು ಹಡಗಿನಲ್ಲಿ ಪಶ್ಚಿಮಕ್ಕೆ ಬರುತ್ತದೆ. ನಿಮ್ಮ ಮನೆಯ ಜಗ್ಗಿನೊಳಗಿನ ಬಿಳಿ ಕಾರ್ಟ್ರಿಡ್ಜ್ ಒಡೆದು ನೋಡಿದರೆ ಒಳಗಿನ ಕರಿಯ ಕಾಳು ತಿಪಟೂರಿನ ಕಡೆಯ ನೆಂಟನೂ ಇರಬಹುದು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾವು ಇದೇ ಪುಡಿಯನ್ನು ನೀರಿನಲ್ಲಿ ಕಲಸಿ ವಿಷ ಕುಡಿದವರಿಗೆ, ಗುಳಿಗೆ ಹೆಚ್ಚು ನುಂಗಿದವರಿಗೆ ಕುಡಿಸುತ್ತೇವೆ. ವಯಸ್ಕರಿಗೆ ಸಾಮಾನ್ಯವಾಗಿ 50 ಗ್ರಾಂ, ಸಾಧ್ಯವಾದರೆ ಒಂದು ಗಂಟೆಯೊಳಗೆ. ಈ ದೇಶದಲ್ಲಿ ತರಬೇತಿಗೆ ಸೇರಿದ ಮೊದಲ ತಿಂಗಳುಗಳಲ್ಲಿ ನನ್ನ ಅಂಗಿಯ ತೋಳೆಲ್ಲ ಇದರದೇ ಕರಿ. ಆದರೆ ಕಬ್ಬಿಣದ ಗುಳಿಗೆ, ಲಿಥಿಯಂ, ಮದ್ಯ, ಇವನ್ನು ಇದ್ದಿಲು ಹಿಡಿಯುವುದಿಲ್ಲವೆಂದು ಮೊದಲ ದಿನವೇ ಬಾಯಿಪಾಠ ಮಾಡಿಸುತ್ತಾರೆ. ಇದ್ದಿಲಿಗೂ ತನ್ನದೇ ಆದ ಇಷ್ಟಾನಿಷ್ಟಗಳಿವೆ. ನೀರನ್ನು ಬಿಟ್ಟು ಮೇಲ್ಮೈಗೆ ಅಂಟಿಕೊಳ್ಳಲು ಬಯಸುವ ದೊಡ್ಡ ಸಾವಯವ ಅಣುಗಳೆಂದರೆ ಪ್ರೀತಿ. ನೀರಿನಲ್ಲಿ ಸುಖವಾಗಿ ಕರಗಿ ಕೂರುವ ಸಣ್ಣ ಅಣುಗಳು, ಲವಣಗಳು ಎಂದರೆ ಅಷ್ಟಕ್ಕಷ್ಟೆ. ಈ ಒಂದು ಮಾತು ನೆನಪಿಟ್ಟರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಇದ್ದಿಲಿನ ಪ್ರೀತಿಪಾತ್ರರಲ್ಲಿ ಒಂದು ಗುಂಪು ಕಳೆನಾಶಕಗಳು. ಅಟ್ರಜೀನ್, ಸಿಮಜೀನ್ ಎಂಬ ಎರಡನ್ನು ಹೊಲಗಳಲ್ಲಷ್ಟೇ ಅಲ್ಲ, ರೈಲು ಹಳಿಗಳ ಮೇಲೆ, ಕಾಲುದಾರಿಯ ಕಲ್ಲುಸಂದಿಗಳಲ್ಲಿ ಹುಲ್ಲು ಬೆಳೆಯದಿರಲೆಂದು ಇಲ್ಲಿ ಯಥೇಚ್ಛವಾಗಿ ಸಿಂಪಡಿಸುತ್ತಿದ್ದರು. ಹೊಲದ ಮಣ್ಣು ಸ್ವಲ್ಪವನ್ನಾದರೂ ಹಿಡಿದುಕೊಳ್ಳುತ್ತದೆ. ಟಾರು, ಕಾಂಕ್ರೀಟು ಏನನ್ನು ಹಿಡಿದಾವು? ಮಳೆ ಬಂತೋ, ನೇರ ಮೋರಿಗೆ, ಮೋರಿಯಿಂದ ಹೊಳೆಗೆ, ಹೊಳೆಯಿಂದ ನೀರು ಸರಬರಾಜಿನ ಜಲಾಶಯಕ್ಕೆ. ಯುರೋಪಿನ 1980ರ ನಿರ್ದೇಶನದ ಪ್ರಕಾರ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರಕೂಡದು. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿಗೆ ಒಂದು ಪಾಲು. ಥೇಮ್ಸ್ ನೀರು ಅದನ್ನು ಮೀರುತ್ತಿತ್ತು.

ಪರಿಹಾರ ಎರಡು ಕಡೆಯಿಂದ ಬಂತು. ಹೊಲದ ಹೊರಗೆ ಈ ಎರಡನ್ನೂ ಬಳಸುವುದನ್ನು 1993ರಲ್ಲಿ ನಿಲ್ಲಿಸಿದರು. ಅತ್ತ 1990ರ ದಶಕದಲ್ಲಿ ಥೇಮ್ಸ್ ವಾಟರ್ ಕಂಪನಿ ತನ್ನ ನೀರಿನ ಕಾರ್ಖಾನೆಗಳಲ್ಲಿ ಓಜೋನ್ ಮತ್ತು ಇದ್ದಿಲನ್ನು ತಂದಿತು. ಸಿಂಪ್ಸನ್ನನ ಕಾಲದ ಮರಳಿನ ಹಾಸನ್ನು ಕಿತ್ತುಹಾಕದೆ, ಮರಳಿನ ಎರಡು ಪದರಗಳ ನಡುವೆ ಇದ್ದಿಲ ಕಾಳಿನ ಪದರವೊಂದನ್ನು ಇಟ್ಟರು. ಸ್ಯಾಂಡ್‌ವಿಚ್ ಎಂದೇ ಅದಕ್ಕೆ ಹೆಸರು. ಮೇಲಿನ ಮರಳಿನಲ್ಲಿ ಬೆಳೆಯುವ ಲೋಳೆ ಪದರ ರೋಗಾಣುಗಳನ್ನು, ಮಣ್ಣನ್ನು ತಡೆಯುತ್ತದೆ. ಇದ್ದಿಲು ಅಣುಗಳನ್ನು ಹಿಡಿಯುತ್ತದೆ. ಸಕ್ಕರೆ ಕಾರ್ಖಾನೆಯವರು ಮಾಡುತ್ತಿದ್ದಂತೆ, ತುಂಬಿದ ಇದ್ದಿಲನ್ನು ತೆಗೆದು ಕುಲುಮೆಯಲ್ಲಿ ಮತ್ತೆ ಸುಟ್ಟು ತರುತ್ತಾರೆ. ಬದಲಿಸುವವರು ಯಾರೆಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ: ಸಂಬಳ ಪಡೆಯುವ ಜನ, ಲೆಕ್ಕದ ಪುಸ್ತಕ, ಮೇಲೆ ಪರೀಕ್ಷಿಸುವ ಸರ್ಕಾರಿ ತನಿಖೆ. ನಮ್ಮ ನೀರಿನ ಬಿಲ್ಲಿನಲ್ಲಿ ಅದರ ಖರ್ಚೂ ಸೇರಿದೆ.

ಹಾಗೆಂದು ಇದ್ದಿಲಿಗೆ ಸೋಲಿಲ್ಲವೆಂದಲ್ಲ. ಗೊಂಡೆಹುಳು ಕೊಲ್ಲಲು ತೋಟಕ್ಕೆ ಹಾಕುವ ನೀಲಿ ಕಾಳುಗಳಲ್ಲಿದ್ದ ಮೆಟಾಲ್ಡಿಹೈಡ್ 2007ರಲ್ಲಿ ಇಲ್ಲಿನ ನೀರಿನಲ್ಲಿ ಪತ್ತೆಯಾಯಿತು. ಸಣ್ಣ ಅಣು, ನೀರಿನಲ್ಲಿ ಆರಾಮಾಗಿ ಕರಗಿ ಕೂರುವಂಥದು. ಇದ್ದಿಲಿಗೆ ಸಿಕ್ಕಿಯೂ ಸಿಗದು. ಕೋಟಿಗಟ್ಟಲೆ ಪೌಂಡಿನ ಕಾರ್ಖಾನೆಗಳು ಕೈಚೆಲ್ಲಿದವು. ಕೊನೆಗೆ ದಾರಿ ಒಂದೇ: 2022ರ ಮಾರ್ಚ್ 31ರಿಂದ ಗ್ರೇಟ್ ಬ್ರಿಟನ್ನಿನಲ್ಲಿ ಹೊರಾಂಗಣದಲ್ಲಿ ಅದರ ಬಳಕೆಯನ್ನೇ ನಿಷೇಧಿಸಿದರು. ನಿಮ್ಮ ಶೆಡ್ಡಿನ ಮೂಲೆಯಲ್ಲಿ ಹಳೆಯ ಡಬ್ಬ ಉಳಿದಿದ್ದರೆ ಮೋರಿಗೆ ಸುರಿಯಬೇಡಿ, ಕೌನ್ಸಿಲಿನ ಅಪಾಯಕಾರಿ ಕಸದ ಕಡೆಗೆ ಒಪ್ಪಿಸಿ.

ಈಗ ರಸ್ತೆಯ ಮಳೆನೀರಿಗೆ ಬರೋಣ. ಒಳಲಂಡನ್ನಿನ ಬ್ಯಾಜಲ್ಜೆಟ್ ಕೊಳವೆಗಳಿಂದ ಥೇಮ್ಸಿಗೆ ಉಕ್ಕಿ ಬೀಳುತ್ತಿದ್ದದ್ದು ವರ್ಷಕ್ಕೆ ಸುಮಾರು 3.9 ಕೋಟಿ ಟನ್. ಅದನ್ನು ತಡೆಯಲೆಂದೇ ಆಕ್ಟನ್‌ನಿಂದ ಆಬಿ ಮಿಲ್ಸ್ ತನಕ, ಹೆಚ್ಚಿನ ದೂರ ನದಿಯ ಕೆಳಗೆ, 25 ಕಿಲೋಮೀಟರ್ ಉದ್ದ, 7.2 ಮೀಟರ್ ಅಗಲದ ಟೈಡ್‌ವೇ ಸುರಂಗ ತೋಡಿದರು. 2025ರ ಫೆಬ್ರುವರಿಯಲ್ಲಿ ಅದರ ಎಲ್ಲ ಬಾಯಿಗಳೂ ಜೋಡಣೆಯಾದವು. ಬ್ಲ್ಯಾಕ್‌ಫ್ರೈಯರ್ಸ್ ಬಳಿಯ ಹೊಸ ನದೀಕಟ್ಟೆಗೆ ಬ್ಯಾಜಲ್ಜೆಟ್‌ನ ಹೆಸರನ್ನೇ ಇಟ್ಟಿದ್ದಾರೆ. ಜೋರು ಮಳೆಯ ನೀರು ಸುರಂಗಕ್ಕೆ ಧುಮುಕಿದಾಗ ಒಳಗಿನ ಗಾಳಿ ಹೊರಗೆ ತಳ್ಳಲ್ಪಡುತ್ತದೆಯಷ್ಟೆ. ಆ ಗಾಳಿಯನ್ನು ಹೊರಬಿಡುವ ಮೊದಲು ಎಲ್ಲಿ ಹಾಯಿಸುತ್ತಾರೆಂದು ಊಹಿಸಬಲ್ಲಿರಾ? ಸಕ್ರಿಯ ಇದ್ದಿಲಿನ ಪೆಟ್ಟಿಗೆಗಳಲ್ಲಿ! ಹೇವುಡ್ ಮತ್ತು ಲೆಥೆಬಿಯವರ ತಟ್ಟೆ 160 ವರ್ಷಗಳ ಮೇಲೆ ಚರಂಡಿಗೆ ಮರಳಿತು. ಈ ಸಲ ಒದ್ದೆಯಾಗದಂತೆ ಕೋಣೆ ಇದೆ, ಬದಲಿಸಲು ಜನರಿದ್ದಾರೆ.

ನಮ್ಮಲ್ಲಿ ಹೆಚ್ಚಿನವರು ಇರುವುದು ಹೊರಲಂಡನ್ನಿನಲ್ಲಿ: ಹ್ಯಾರೋ, ಹೌನ್ಸ್ಲೋ, ಬ್ರೆಂಟ್, ಎನ್‌ಫೀಲ್ಡ್, ಕ್ರಾಯ್ಡನ್. ಇಲ್ಲಿ ಬಹುತೇಕ ಎರಡು ಕೊಳವೆಗಳು. ಕಕ್ಕಸು, ಸ್ನಾನದ ನೀರು ಒಂದರಲ್ಲಿ ಕೊಳಚೆ ಕಾರ್ಖಾನೆಗೆ. ಮಳೆನೀರು ಇನ್ನೊಂದರಲ್ಲಿ ಯಾವ ಶುದ್ಧೀಕರಣವೂ ಇಲ್ಲದೆ ಹತ್ತಿರದ ಹೊಳೆಗೆ. ಎಜ್‌ವೇರಿನ ಕಡೆ ರಸ್ತೆ ಜಾಲರಿಗೆ ಬಿದ್ದದ್ದು ಸಿಲ್ಕ್ ಸ್ಟ್ರೀಮ್ ಸೇರಿ, ನೀಸ್ಡನ್ ದೇವಸ್ಥಾನಕ್ಕೆ ಹೋಗುವವರು ಹಾದುಹೋಗುವ ವೆಲ್ಶ್ ಹಾರ್ಪ್ ಕೆರೆಗೆ ಬರುತ್ತದೆ. ಬ್ರೆಂಟ್ ಹೊಳೆಗೆ ಕಟ್ಟೆ ಹಾಕಿ 1835ರಲ್ಲಿ ಮಾಡಿದ ಈ ಕೆರೆ ಇಂದು ಕಾಯ್ದಿಟ್ಟ ಪಕ್ಷಿಧಾಮ. ಟೈಡ್‌ವೇ ಸುರಂಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಆ ನೀರಿನಲ್ಲಿರುವುದೇನು? ಬ್ರೇಕಿನಿಂದ ತಾಮ್ರ, ಟೈರಿನಿಂದ ಸತು, ಎಂಜಿನ್ನಿನ ಎಣ್ಣೆ, ಹೊಗೆಯ ಮಸಿ. ಹೆಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದವರು ದಶಕಗಳಿಂದ ಇದನ್ನು ಅಳೆಯುತ್ತ ಬಂದಿದ್ದಾರೆ. 2020ರಲ್ಲಿ ಅಮೆರಿಕದ ಸಿಯಾಟಲ್ ಕಡೆಯ ವಿಜ್ಞಾನಿಗಳು ಇನ್ನೊಂದನ್ನು ಹೆಸರಿಸಿದರು. ಟೈರ್ ಬಿರುಕು ಬಿಡದಿರಲೆಂದು ಬೆರೆಸುವ ರಾಸಾಯನಿಕವೊಂದು ಓಜೋನಿನೊಡನೆ ಕೂಡಿ ಹೊಸ ವಿಷವಾಗುತ್ತದೆ. ಮಳೆ ಬಂದ ಕೆಲವೇ ಗಂಟೆಗಳಲ್ಲಿ ಕೋಹೋ ಎಂಬ ಸಾಲ್ಮನ್ ಮೀನುಗಳು ಸಾಯುತ್ತಿದ್ದದ್ದು ಅದರಿಂದ. ಎಲ್ಲ ಮೀನಿಗೂ ಅದು ಅಷ್ಟೇ ವಿಷವಲ್ಲ. ಆದರೆ ಅದೇ ಊರಿನಲ್ಲಿ, ರಸ್ತೆಯ ನೀರನ್ನು ಮರಳು ಮತ್ತು ಗೊಬ್ಬರದ ಮಣ್ಣಿನಲ್ಲಿ ಇಳಿಸಿ ಬಿಟ್ಟಾಗ ಮೀನುಗಳು ಬದುಕಿದವು. ಎಣ್ಣೆ, ಮಸಿ, ಇಂಥ ಟೈರಿನ ವಿಷ ಇವೆಲ್ಲ ಇದ್ದಿಲು ಇಷ್ಟಪಡುವ ಜಾತಿ. ಕರಗಿದ ತಾಮ್ರ, ಸತುಗಳು ಅಷ್ಟಾಗಿ ಅಲ್ಲ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಏನೂ ಇಲ್ಲ. ಸ್ಟಾಕ್‌ಹೋಮ್ ನಗರ 2017ರಿಂದ ತೋಟದ ಕಸವನ್ನು ಸುಟ್ಟು ಇದ್ದಿಲು ಮಾಡಿ ಬೀದಿಮರಗಳ ಬುಡಕ್ಕೆ ತುಂಬುತ್ತಿದೆ. ಮಳೆನೀರು ಅಲ್ಲಿ ಇಂಗುತ್ತದೆ, ಮರವೂ ಬೆಳೆಯುತ್ತದೆ.

ಹಾಗಾದರೆ ಪ್ರತಿ ಮೋರಿಗೂ ಒಂದೊಂದು ಇದ್ದಿಲ ಬುಟ್ಟಿ ಇಳಿಬಿಡೋಣವೇ? ಇಳಿಬಿಟ್ಟರೆ ರಸ್ತೆಯ ಕೆಸರು, ಎಲೆ ಸೇರಿ ಕೆಲವೇ ವಾರಗಳಲ್ಲಿ ಕಟ್ಟಿಕೊಂಡೀತು. ಬದಲಿಸುವ ಖರ್ಚು ಮೂಗಿಗಿಂತ ಮೂಗುತಿ ಭಾರ. ಬೆಂಗಳೂರಿನಲ್ಲಿ 2009ರಿಂದ ಮಳೆಕೊಯ್ಲು ಕಡ್ಡಾಯವಾದ ಮೇಲೆ ಮನೆಮನೆಯಲ್ಲಿ ಜಲ್ಲಿ, ಮರಳು, ಇದ್ದಿಲಿನ ತೊಟ್ಟಿಗಳು ಬಂದವು. ನಮ್ಮ ನೆಂಟರಿಷ್ಟರ ಮನೆಗೆ ಹೋದಾಗಲೆಲ್ಲ ಇದ್ದಿಲು ಯಾವಾಗ ಬದಲಿಸಿದಿರಿ ಎಂದು ಕೇಳುವುದು ನನಗೊಂದು ಚಟ. "ಬದಲಿಸಬೇಕಾ?" ಎಂಬುದೇ ಸಾಮಾನ್ಯ ಉತ್ತರ.

ಎನ್‌ಫೀಲ್ಡಿನವರು ಹಿಡಿದ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ. ವಿಂಚ್‌ಮೋರ್ ಹಿಲ್ ಹತ್ತಿರದ ಫರ್ಸ್ ಫಾರ್ಮ್ ಮೈದಾನದ ಕೆಳಗೆ ಕೊಳವೆಯಲ್ಲಿ ಹುದುಗಿಹೋಗಿದ್ದ ಮೂರ್ ಬ್ರೂಕ್ ಹೊಳೆಯನ್ನು ಮೇಲೆತ್ತಿ, ಆಪುಹುಲ್ಲಿನ ಕೊಳಗಳಲ್ಲಿ ನಿಧಾನವಾಗಿ ಹರಿಸಿದ್ದಾರೆ. ಮಣ್ಣು ತಳಕ್ಕೆ ಕೂರುತ್ತದೆ, ಬೇರಿನ ಮೇಲಿನ ಜೀವಾಣುಗಳು ಎಣ್ಣೆಯನ್ನು ತಿನ್ನುತ್ತವೆ. ಅದೂ ಒಂದು ದಿನ ಹೂಳು ತೆಗೆಯುವ ಕೆಲಸವೇ, ಆದರೆ ವಾರಕ್ಕೊಮ್ಮೆ ಅಲ್ಲ. ಇದ್ದಿಲನ್ನು ಇಡುವುದಾದರೆ ಕಟ್ಟಕಡೆಯಲ್ಲಿ, ಕೆಸರೆಲ್ಲ ಕಳೆದ ಮೇಲೆ, ಜೋರು ವಾಹನ ಸಂಚಾರದ ಕೆಲವೇ ರಸ್ತೆಗಳಲ್ಲಿ ಇಡಬೇಕು. ಬದಲಿಸುವ ದಿನಾಂಕವನ್ನೂ ಅದರ ಹಣವನ್ನೂ ಕೌನ್ಸಿಲಿನ ಬಜೆಟ್ಟಿನಲ್ಲಿ ಮೊದಲೇ ಬರೆದಿಡಬೇಕು.

ಇದ್ದಿಲಿಗೆ ಬಿಡದೆ ನಾವೇ ತಡೆಯಬಹುದಾದವೂ ಇವೆ. ನಮ್ಮವರು ಹಿತ್ತಲಿಗೆ ಹೊಸ ಅಡಿಗೆಮನೆ ಏರಿಸುವಾಗ ಬಟ್ಟೆ ಒಗೆಯುವ ಯಂತ್ರದ, ಸಿಂಕಿನ ಕೊಳವೆಯನ್ನು ಪ್ಲಂಬರ್ ಮಳೆನೀರಿನ ಕೊಳವೆಗೆ ಸಿಕ್ಕಿಸಿಬಿಡುವುದು ಈ ನಗರದಲ್ಲಿ ದೊಡ್ಡ ಪಿಡುಗು. ಸಾರು, ಸೋಪು ಎಲ್ಲ ನೇರ ಹೊಳೆಗೆ. ಕೆಲಸ ಮುಗಿಯುವ ಮೊದಲೇ ಯಾವ ಕೊಳವೆ ಎಂದು ಕೇಳಿ ನೋಡಿ. ಮುಂದಿನ ಅಂಗಳವನ್ನು ಕಾರಿಗಾಗಿ ಮುಚ್ಚುವವರು, ನೀರು ಇಂಗದ ನೆಲಹಾಸು 5 ಚದರ ಮೀಟರ್ ಮೀರಿದರೆ ಮತ್ತು ನೀರು ರಸ್ತೆಗೆ ಓಡುವಂತಿದ್ದರೆ, 2008ರ ಅಕ್ಟೋಬರಿನಿಂದ ಅನುಮತಿ ಬೇಕೆಂಬುದನ್ನು ಮರೆಯಬಾರದು.

ಕೊನೆಗೊಂದು ಸಲಹೆ, ಕಾರ್ಯಕಾರಿ ಸಮಿತಿಯ ಗಮನಕ್ಕೆ. ಆಬಿವುಡ್ ಹತ್ತಿರದ ಕ್ರಾಸ್‌ನೆಸ್ ಪಂಪ್‌ಹೌಸನ್ನು 1865ರಲ್ಲಿ ವೇಲ್ಸಿನ ರಾಜಕುಮಾರ ಉದ್ಘಾಟಿಸಿದ್ದ. ಅದರ ನಾಲ್ಕು ಹಬೆಯಂತ್ರಗಳಲ್ಲಿ 'ಪ್ರಿನ್ಸ್ ಕಾನ್ಸರ್ಟ್' ಎಂಬುದನ್ನು ಸ್ವಯಂಸೇವಕರು ವರ್ಷಗಟ್ಟಲೆ ಉಜ್ಜಿ, 2003ರಲ್ಲಿ ಮತ್ತೆ ಓಡಿಸಿದರು. ಒಳಗಿನ ಬಣ್ಣದ ಕಬ್ಬಿಣದ ಕೆತ್ತನೆ ನೋಡಿದರೆ ಚರಂಡಿಗೆ ಇಷ್ಟು ಶೃಂಗಾರವೇ ಎನಿಸುತ್ತದೆ. ಯಂತ್ರ ಓಡಿಸುವ ದಿನಗಳಲ್ಲಿ ಸಾರ್ವಜನಿಕರಿಗೆ ಪ್ರವೇಶವಿರುತ್ತದೆ. ಬೇಸಿಗೆಯಲ್ಲಿ ಒಂದು ಕೋಚ್ ಮಾಡಿಕೊಂಡು, ಪುಳಿಯೋಗರೆ ಮೊಸರನ್ನ ಕಟ್ಟಿಕೊಂಡು, ಮಕ್ಕಳೊಡನೆ ಹೋಗಿಬರೋಣ. ಪಕ್ಕದಲ್ಲೇ ಕೊಳಚೆ ಕಾರ್ಖಾನೆ ಇರುವುದರಿಂದ, ಊಟವನ್ನು ಮಾತ್ರ ಗಾಳಿ ಬೀಸುವ ದಿಕ್ಕು ನೋಡಿಕೊಂಡು ಬಿಚ್ಚಬೇಕು.